ಈಟಿಂಗ್ ಡಿಸಾರ್ಡರ್‌ಗಳ ಹೆಸರನ್ನು ಹೊಗಳಿಕೆಗೂ ತಮಾಷೆಗೂ ಬಳಸುವುದರಿಂದ ನಿಜವಾಗಿಯೂ ಹಾನಿಯಿದೆಯೇ?

ಪ್ರಶ್ನೆ: ಸಂಜೆಗಾಳಿ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಹದಿನೇಳು ವರ್ಷ. ಅವಳೂ ಅವಳ ಗೆಳತಿಯರೂ ಒಬ್ಬರ ಫೋಟೊ ಕೆಳಗೆ ಇನ್ನೊಬ್ಬರು ಬರೆಯುವ ಕಾಮೆಂಟುಗಳನ್ನು ನೋಡುತ್ತ ಬಂದಿರುವ ನನಗೆ ಇತ್ತೀಚೆಗೆ ಒಂದು ವಿಷಯ ಕಾಡತೊಡಗಿದೆ. ಯಾರಾದರೂ ತೆಳ್ಳಗೆ ಕಂಡರೆ ‘ಪಕ್ಕಾ ಅನೊರೆಕ್ಸಿಕ್ ಕಣೇ, ಹೊಟ್ಟೆ ಉರೀತಿದೆ’ ಎಂದು ಬರೆಯುತ್ತಾರೆ. ಒಂದು ಹೊತ್ತು ಹೊಟ್ಟೆ ತುಂಬ ಉಂಡವಳು ‘ಇವತ್ತು ಫುಲ್ ಬಿಂಜ್, ನಾಳೆಯಿಡೀ ಪ್ರಾಯಶ್ಚಿತ್ತ’ ಎಂದು ನಗುವ ಇಮೋಜಿ ಹಾಕುತ್ತಾಳೆ. ಊಟ ಬಿಟ್ಟವಳಿಗೆ ‘ಏನು ವಿಲ್‌ಪವರ್ ಮಾರಾಯ್ತಿ ನಿಂದು’ ಎಂಬ ಶಹಬ್ಬಾಸ್‌ಗಿರಿ ಸಿಗುತ್ತದೆ. ಇವು ಬೈಗುಳಗಳಲ್ಲ, ಕುಹಕವೂ ಅಲ್ಲ. ಅಕ್ಕರೆಯಿಂದಲೇ ಆಡುವ ಮಾತುಗಳು. ನನ್ನ ಗೊಂದಲಕ್ಕೆ ಕಾರಣವೂ ಅದೇ.

ಸಹೋದ್ಯೋಗಿಯೊಬ್ಬರ ಬಳಿ ಇದನ್ನು ಪ್ರಸ್ತಾಪಿಸಿದಾಗ ಅವರು, ‘ಮೇಜನ್ನು ಓರಣವಾಗಿಡುವವರನ್ನು ಓಸಿಡಿ ಎನ್ನುತ್ತೇವೆ, ಒಂದು ದಿನ ಬೇಸರವಾದರೆ ಡಿಪ್ರೆಶನ್ ಎನ್ನುತ್ತೇವೆ, ಇದೂ ಹಾಗೆಯೇ. ಬಳಸಿ ಬಳಸಿ ಪದ ಸವೆದಿದೆ ಅಷ್ಟೆ, ಹುಡುಗಿಯರ ಮಾತಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಡಿ’ ಎಂದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನನಗೆ ಖಚಿತವಾಗಿ ಹೇಳಲಾಗುತ್ತಿಲ್ಲ. ಆದರೆ ಅದನ್ನು ಒಪ್ಪಿಕೊಂಡು ಸುಮ್ಮನಿರಲೂ ಮನಸ್ಸು ಬರುತ್ತಿಲ್ಲ.

ಹಾಗಾಗಿ ಬಲ್ಲವರನ್ನು ಕೇಳುತ್ತಿದ್ದೇನೆ. ಇಂಥ ಆಡುಮಾತು, ಮೀಮ್‌ಗಳು, ‘ನಾನು ದಿನವಿಡೀ ಏನು ತಿನ್ನುತ್ತೇನೆ’ ಎಂಬ ವಿಡಿಯೊಗಳು ಈಟಿಂಗ್ ಡಿಸಾರ್ಡರ್‌ಗಳನ್ನು, ಅಂದರೆ ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆಗಳನ್ನು, ಚಿತ್ರಿಸುವ ರೀತಿಗೂ ಕಾಯಿಲೆ ಇರುವವರು ಅನುಭವಿಸುವುದಕ್ಕೂ ಎಷ್ಟು ಅಂತರವಿದೆ? ಆ ಅಂತರದಿಂದ ಯಾರಿಗಾದರೂ ಪೆಟ್ಟಾಗುತ್ತದೆಯೇ? ದಯವಿಟ್ಟು ತೂಕದ ಅಂಕಿಗಳನ್ನಾಗಲಿ, ಊಟ ತಪ್ಪಿಸುವ ಉಪಾಯಗಳನ್ನಾಗಲಿ ಉತ್ತರಗಳಲ್ಲಿ ಬರೆಯಬೇಡಿ. ಇದನ್ನು ತಂಗಿಗೂ ಓದಲು ಕೊಡಬೇಕೆಂದಿದ್ದೇನೆ.

ಉತ್ತರ: ಮನೋವೈದ್ಯೆ

ಸಂಜೆಗಾಳಿ ಅವರೇ, ಈ ಕಾಯಿಲೆಗಳಿರುವವರ ಚಿಕಿತ್ಸೆಯೇ ನನ್ನ ನಿತ್ಯದ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮ ತಂಗಿಯ ಗೆಳತಿಯರ ಮಾತುಗಳನ್ನು ಗಮನಿಸಿದರೆ ಅವುಗಳ ಹಿಂದೆ ಎರಡು ನಂಬಿಕೆಗಳು ಕಾಣುತ್ತವೆ: ಒಂದು, ಈಟಿಂಗ್ ಡಿಸಾರ್ಡರ್ ಎಂದರೆ ತೆಳ್ಳಗಿರುವುದು. ಇನ್ನೊಂದು, ಅದು ಮನೋಬಲದ ವಿಚಾರ, ಅಂದರೆ ಊಟ ಬಿಟ್ಟವರು ಗಟ್ಟಿಗರು, ಹೆಚ್ಚು ತಿಂದವರು ಸಡಿಲ ಸ್ವಭಾವದವರು ಎಂಬುದು. ಜನಪ್ರಿಯ ಮೀಮ್‌ಗಳಲ್ಲಿ ಹೆಚ್ಚಿನವು ಈ ಎರಡರ ಮೇಲೆಯೇ ನಿಂತಿವೆ. ಎರಡೂ ತಪ್ಪು. ಅಷ್ಟೇ ಅಲ್ಲ, ರೋಗಿಗಳು ನನ್ನ ಎದುರು ಬಂದು ಕುಳಿತುಕೊಳ್ಳುವ ಹೊತ್ತಿಗೆ ತಡವಾಗಿರುವುದಕ್ಕೆ ಇವೆರಡೂ ದೊಡ್ಡ ಕಾರಣಗಳು.

ಮೊದಲನೆಯದನ್ನು ನೋಡೋಣ. ಊಟವನ್ನು ತೀರಾ ಕಡಿಮೆ ಮಾಡಿ ತೂಕ ಅಪಾಯಕಾರಿಯಾಗಿ ಇಳಿಯುವ ಕಾಯಿಲೆಗೆ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಬಳಕೆಗೆ ತಂದರು. ಅದೇ ವರ್ಷ ಪ್ಯಾರಿಸ್ಸಿನ ಷಾರ್ಲ್ ಲಸೇಗ್ ಕೂಡ ಇಂಥದೇ ಸ್ಥಿತಿಯನ್ನು ವಿವರಿಸಿದರು. ಆದರೆ ವೈದ್ಯಕೀಯ ತಿಳಿವಳಿಕೆ ಅಲ್ಲಿಗೇ ನಿಲ್ಲಲಿಲ್ಲ. ನಿಯಂತ್ರಣವಿಲ್ಲದೆ ಒಮ್ಮೆಗೇ ಬಹಳ ತಿನ್ನುವ ಸ್ಥಿತಿಯನ್ನು ಆಲ್ಬರ್ಟ್ ಸ್ಟಂಕಾರ್ಡ್ 1959ರಲ್ಲಿ ಗುರುತಿಸಿದರು, ಹಾಗೆ ತಿಂದದ್ದನ್ನು ವಾಂತಿ, ಉಪವಾಸಗಳಿಂದ ಸರಿದೂಗಿಸಲು ಹೆಣಗುವ ಕಾಯಿಲೆಯಾದ ಬುಲಿಮಿಯಾ ನರ್ವೋಸಾವನ್ನು ಜೆರಾಲ್ಡ್ ರಸೆಲ್ 1979ರಲ್ಲಿ ಬೇರ್ಪಡಿಸಿ ವಿವರಿಸಿದರು, 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಐದನೆಯ ಆವೃತ್ತಿ ಬಿಂಜ್ ಈಟಿಂಗ್ ಡಿಸಾರ್ಡರನ್ನು ಸ್ವತಂತ್ರ ಕಾಯಿಲೆಯೆಂದು ಒಪ್ಪಿಕೊಂಡಿತು. ಬುಲಿಮಿಯಾ ಇರುವ ಅನೇಕರ ತೂಕ ಎಲ್ಲರಂತೆಯೇ ಇರುತ್ತದೆ. ಬಿಂಜ್ ಈಟಿಂಗ್ ಡಿಸಾರ್ಡರ್ ಇರುವವರಲ್ಲಿ ಬಹಳ ಮಂದಿ ದಪ್ಪಗಿರುತ್ತಾರೆ. ತೂಕ ಬಹಳಷ್ಟು ಇಳಿದ ಮೇಲೂ ನೋಡುವವರ ಕಣ್ಣಿಗೆ ಸಾಧಾರಣವಾಗಿಯೇ ಕಾಣುವ, ಆದರೆ ಹೃದಯದ ಬಡಿತ ಅಪಾಯಕಾರಿಯಾಗಿ ನಿಧಾನವಾಗಿರುವ ರೋಗಿಗಳೂ ಇದ್ದಾರೆ. ಆಡುಮಾತು ಮಾತ್ರ 1873ರ ಚಿತ್ರವನ್ನೇ ಹಿಡಿದುಕೊಂಡು ಕುಳಿತಿದೆ. ಇದರ ಪರಿಣಾಮವಾಗಿ ‘ನಾನು ಅಷ್ಟೇನೂ ತೆಳ್ಳಗಿಲ್ಲವಲ್ಲ, ನನಗೆಲ್ಲಿಯ ಕಾಯಿಲೆ’ ಎಂಬ ಮಾತನ್ನು ನಾನು ಬಹುತೇಕ ಎಲ್ಲ ರೋಗಿಗಳ ಬಾಯಲ್ಲೂ ಕೇಳಿದ್ದೇನೆ. ಆಸ್ಪತ್ರೆಗೆ ಸೇರಿಸಲೇಬೇಕಾದ ಸ್ಥಿತಿಯಲ್ಲಿ ಇದ್ದವರೂ ಇದನ್ನೇ ಹೇಳಿದ್ದಾರೆ.

ಎರಡನೆಯದಕ್ಕೆ, ಅಂದರೆ ಮನೋಬಲದ ಕಥೆಗೆ, ಒಂದು ಹಳೆಯ ಪ್ರಯೋಗವನ್ನು ನೆನಪಿಸಬೇಕು. ಎರಡನೆಯ ಮಹಾಯುದ್ಧದ ಕೊನೆಯ ಭಾಗದಲ್ಲಿ, ಯುದ್ಧದಿಂದ ಹಸಿದ ಜನರಿಗೆ ಮತ್ತೆ ಊಟ ಕೊಡುವ ಸರಿಯಾದ ಕ್ರಮ ಯಾವುದೆಂದು ತಿಳಿಯಲು, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ 1945ರಲ್ಲಿ ಸುಮಾರು ಆರು ತಿಂಗಳು ಅರೆಹೊಟ್ಟೆಯ ಆಹಾರವನ್ನಷ್ಟೇ ಕೊಟ್ಟರು. ಯುದ್ಧದಲ್ಲಿ ಹೋರಾಡಲು ನಿರಾಕರಿಸಿ, ಅದಕ್ಕೆ ಬದಲಾಗಿ ಸ್ವಇಚ್ಛೆಯಿಂದ ಬಂದ ಗಂಡಸರು ಅವರು. ಅವರಲ್ಲಿ ಯಾರಿಗೂ ತೆಳ್ಳಗಾಗುವ ಆಸೆಯಿರಲಿಲ್ಲ, ಮಾನಸಿಕವಾಗಿ ಗಟ್ಟಿಯಾಗಿರುವವರನ್ನೇ ಆರಿಸಲಾಗಿತ್ತು. ಕೆಲವೇ ವಾರಗಳಲ್ಲಿ ಅವರ ಮಾತು, ಕನಸು, ಓದು ಎಲ್ಲವೂ ಊಟದ ಸುತ್ತಲೇ ತಿರುಗತೊಡಗಿದವು. ಹಿಂದೆಂದೂ ಅಡುಗೆಯ ಕಡೆ ತಲೆಹಾಕದವರು ಅಡುಗೆ ಪುಸ್ತಕಗಳನ್ನು ಕೂಡಿಡಲಾರಂಭಿಸಿದರು. ತಟ್ಟೆಯಲ್ಲಿದ್ದ ಸ್ವಲ್ಪ ಆಹಾರವನ್ನು ಗಂಟೆಗಟ್ಟಲೆ ಕೆದಕುತ್ತ, ತುಣುಕು ಮಾಡುತ್ತ ತಿನ್ನುವ ಅಭ್ಯಾಸ ಬಂತು. ಸ್ನೇಹಿತರ ಸಹವಾಸ ಬೇಡವಾಯಿತು, ಸಿಡುಕು ಮತ್ತು ಖಿನ್ನತೆ ಹೆಚ್ಚಿದವು. ಮತ್ತೆ ಬೇಕಾದಷ್ಟು ಊಟ ಸಿಗತೊಡಗಿದಾಗ ಅವರಲ್ಲಿ ಹಲವರು ಎಷ್ಟು ತಿಂದರೂ ತೃಪ್ತಿಯಾಗದೆ ತಿಂಗಳುಗಟ್ಟಲೆ ಒದ್ದಾಡಿದರು.

ಇದನ್ನು ಇಷ್ಟು ವಿವರಿಸಲು ಕಾರಣವಿದೆ. ‘ಸದಾ ಊಟದ್ದೇ ಧ್ಯಾನ’, ‘ಕಂಟ್ರೋಲೇ ಇಲ್ಲ’ ಎಂದು ನಾವು ಯಾವುದನ್ನು ಸ್ವಭಾವವೆಂದುಕೊಂಡು ನಗುತ್ತೇವೆಯೋ ಅದರಲ್ಲಿ ಬಹುಪಾಲು ಹಸಿದ ಮಿದುಳು ಮಾಡುವ ಕೆಲಸ. ‘ನಾಳೆಯಿಡೀ ಪ್ರಾಯಶ್ಚಿತ್ತ’ ಎಂದು ಹುಡುಗಿ ಬರೆಯುತ್ತಾಳಲ್ಲ, ಆ ಉಪವಾಸವೇ ಮುಂದಿನ ಬಿಂಜ್‌ಗೆ ಬೀಜ ಹಾಕುತ್ತದೆ. ಅದನ್ನು ಅವಳು ತನ್ನ ದೌರ್ಬಲ್ಯವೆಂದು ತಿಳಿದು ಇನ್ನಷ್ಟು ಉಪವಾಸ ಮಾಡುತ್ತಾಳೆ. ಬುಲಿಮಿಯಾಕ್ಕೆ ಕೊಡುವ ಮಾತಿನ ಚಿಕಿತ್ಸೆಯ ಮೊದಲ ಹಂತವೇ ಹೊತ್ತು ಹೊತ್ತಿಗೆ ಊಟ ಮಾಡುವುದು ಎಂದರೆ ಹೊಸಬರಿಗೆ ಆಶ್ಚರ್ಯವಾಗುತ್ತದೆ.

ಈ ಕಾಯಿಲೆಗಳನ್ನು ಲಘುವಾಗಿ ನೋಡುವ ಹಾಗಿಲ್ಲ ಎಂಬುದಕ್ಕೆ ಒಂದೇ ಅಂಕಿ ಸಾಕು. 2011ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅನೊರೆಕ್ಸಿಯಾ ಇರುವವರಲ್ಲಿ ಸಾವಿನ ಪ್ರಮಾಣ ಅದೇ ವಯಸ್ಸಿನ ಇತರರಿಗಿಂತ ಐದು ಪಟ್ಟಿಗೂ ಹೆಚ್ಚಿತ್ತು, ಹಾಗೆ ಸತ್ತವರಲ್ಲಿ ಐವರಿಗೆ ಒಬ್ಬರಂತೆ ಆತ್ಮಹತ್ಯೆ ಮಾಡಿಕೊಂಡಿದ್ದರು.

ಉತ್ತರ: ನೀಲಿಶಾಯಿ

ನನಗೆ ಬುಲಿಮಿಯಾ ಇತ್ತು. ಈಗ ಗುಣವಾಗಿದ್ದೇನೆ. ಮೇಲಿನ ಡಾಕ್ಟರ್ ಮೇಡಂ ಬರೆದಿರುವ ‘ನನಗೆಲ್ಲಿಯ ಕಾಯಿಲೆ’ ಎಂಬ ಮಾತನ್ನು ನಾನೂ ವರ್ಷಗಟ್ಟಲೆ ಆಡಿಕೊಂಡವಳು.

ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದವರು ಮನೆಯವರಲ್ಲ, ಗೆಳತಿಯರಲ್ಲ, ಹಲ್ಲಿನ ವೈದ್ಯರು. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ಹೋಗಿದ್ದೆ. ಅವರು ಸಣ್ಣ ಕನ್ನಡಿಯನ್ನು ಬಾಯೊಳಗಿಟ್ಟು ಮೇಲಿನ ಮುಂದಿನ ಹಲ್ಲುಗಳ ಒಳಮೈಯನ್ನು, ಅಂದರೆ ನಾಲಿಗೆ ತಾಕುವ ಬದಿಯನ್ನು, ಬಹಳ ಹೊತ್ತು ನೋಡಿದರು. ಅಲ್ಲಿ ಎನಾಮೆಲ್ ಸವೆದು ನುಣುಪಾಗಿತ್ತು. ಹೊರಬದಿ ಚೆನ್ನಾಗಿಯೇ ಇತ್ತು. ಹೊಟ್ಟೆಯ ಆಮ್ಲ ಮತ್ತೆ ಮತ್ತೆ ಬಾಯಿಗೆ ಬರುವವರಲ್ಲಿ ಹೀಗೆ ಆಗುತ್ತದೆಂದು ಹೇಳಿ, ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮೆಲುದನಿಯಲ್ಲಿ, ‘ಊಟದ ವಿಷಯದಲ್ಲಿ ನಿಮಗೇನಾದರೂ ಕಷ್ಟವಿದೆಯಾ?’ ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ನನ್ನನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು.

ಏಕೆ ಯಾರೂ ಕೇಳಿರಲಿಲ್ಲ? ಬುಲಿಮಿಯಾ ಎಂಬುದು ನಮ್ಮ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿದ್ದ ಪದವೇ ಆಗಿತ್ತು. ಆದರೆ ಅದು ಬರುತ್ತಿದ್ದದ್ದು ಬರೀ ಜೋಕುಗಳಲ್ಲಿ. ಕೂಟಗಳಲ್ಲಿ ಯಾರಾದರೂ ‘ಇಷ್ಟೆಲ್ಲ ತಿಂದು ಆಮೇಲೆ ಬುಲಿಮಿಕ್ ಆಗಿಬಿಡೋಣ’ ಎಂದರೆ ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆ ನಗುವಿನ ಮಧ್ಯೆ ಕುಳಿತು ನಾನು ಕಲಿತದ್ದು ಇಷ್ಟು: ಇದು ಬಾಯಿಬಿಟ್ಟು ಹೇಳಿದರೆ ನಗೆಪಾಟಲಾಗುವ ವಿಷಯ. ಅನೊರೆಕ್ಸಿಯಾಕ್ಕಾದರೂ ಒಂದು ಬಗೆಯ ಹೊಗಳಿಕೆ ಸಿಗುತ್ತದೆ. ಅದೂ ಕೆಟ್ಟದ್ದೇ, ಆದರೆ ಬುಲಿಮಿಯಾಕ್ಕೂ ಬಿಂಜ್ ಈಟಿಂಗ್‌ಗೂ ಸಿಗುವುದು ಅಸಹ್ಯ ಮಾತ್ರ. ಆನ್‌ಲೈನ್ ಲೋಕದಲ್ಲಿ ಈ ಕಾಯಿಲೆಗಳ ನಡುವೆಯೇ ಮೇಲುಕೀಳಿನ ಏಣಿಯಿದೆ. ಮೇಲಿನ ಮೆಟ್ಟಿಲಲ್ಲಿ ತಿನ್ನದವರು, ಕೆಳಗಿನ ಮೆಟ್ಟಿಲಲ್ಲಿ ತಿಂದವರು. ನನಗೆ ಅತಿ ಹೆಚ್ಚು ಹಾನಿ ಮಾಡಿದ್ದು ಆ ಏಣಿ. ‘ನನಗೆ ಅನೊರೆಕ್ಸಿಯಾ ಆಗುವಷ್ಟು ಯೋಗ್ಯತೆಯೂ ಇಲ್ಲ’ ಎಂದು ನಾನು ಡೈರಿಯಲ್ಲಿ ಬರೆದುಕೊಂಡಿದ್ದೆ.

ಅಕ್ಕರೆಯ ಮಾತಿನ ಬಗ್ಗೆ ಕೇಳಿದ್ದೀರಿ, ಅದಕ್ಕೂ ಒಂದು ಮಾತು. ಕಾಯಿಲೆ ತೀರಾ ಉಲ್ಬಣಿಸಿದ್ದ ಕಾಲದಲ್ಲಿ ನನಗೆ ಬಂದಷ್ಟು ಮೆಚ್ಚುಗೆ ಜೀವನದಲ್ಲಿ ಮತ್ತೆಂದೂ ಬಂದಿಲ್ಲ. ಫೋಟೊ ಹಾಕಿದರೆ ‘ಗ್ಲೋ ಅಪ್’, ‘ಗೋಲ್ಸ್’ ಎಂಬ ಕಾಮೆಂಟುಗಳು ಸಾಲುಗಟ್ಟುತ್ತಿದ್ದವು. ಚಿಕಿತ್ಸೆ ಆರಂಭವಾಗಿ ಮುಖಕ್ಕೆ ಕಳೆ ಬಂದು, ರಾತ್ರಿ ನಿದ್ದೆ ಬರತೊಡಗಿದ ತಿಂಗಳುಗಳಲ್ಲಿ ಆ ಕಾಮೆಂಟುಗಳೆಲ್ಲ ನಿಂತುಹೋದವು. ಯಾರೂ ಕೆಟ್ಟದ್ದನ್ನು ಹೇಳಲಿಲ್ಲ, ಏನನ್ನೂ ಹೇಳಲಿಲ್ಲ. ಆ ಮೌನವನ್ನು ದಾಟುವುದು ಚಿಕಿತ್ಸೆಯಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದ ಭಾಗವಾಗಿತ್ತು.

ಉತ್ತರ: ಹಳೆಯ ಓದುಗ

ನೀಲಿಶಾಯಿ ಅವರ ಅನುಭವಕ್ಕೆ ತಲೆಬಾಗಿ, ಒಂದು ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ಈ ಕಾಯಿಲೆಗಳಿಗೆ ಇಂಟರ್ನೆಟ್ಟನ್ನೋ ಆಡುಮಾತನ್ನೋ ಕಾರಣವಾಗಿ ತೋರಿಸುವ ಆತುರ ನನಗೆ ಸರಿಕಾಣುವುದಿಲ್ಲ. ಡಾಕ್ಟರ್ ಹೇಳಿದ 1873ರಲ್ಲಿ ಹ್ಯಾಶ್‌ಟ್ಯಾಗ್ ಇರಲಿಲ್ಲ. 2019ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನವೊಂದು ಸುಮಾರು 17,000 ಅನೊರೆಕ್ಸಿಯಾ ರೋಗಿಗಳ ವಂಶವಾಹಿಗಳನ್ನು ಪರಿಶೀಲಿಸಿ, ಕಾಯಿಲೆಗೆ ಸಂಬಂಧಿಸಿದ ಎಂಟು ತಾಣಗಳನ್ನು ಗುರುತಿಸಿತು. ಅದರ ಬೇರುಗಳು ಮನಸ್ಸಿನಲ್ಲಷ್ಟೇ ಅಲ್ಲ, ದೇಹದ ಚಯಾಪಚಯ ಕ್ರಿಯೆಯಲ್ಲೂ ಇರಬಹುದೆಂದು ಸೂಚಿಸಿತು. ಅವಳಿ ಮಕ್ಕಳ ಅಧ್ಯಯನಗಳೂ ಅನುವಂಶಿಕತೆಯ ಪಾಲು ದೊಡ್ಡದೆಂದೇ ಹೇಳುತ್ತವೆ.

ನನ್ನ ಅಣ್ಣನ ಮಗಳಿಗೆ ಈ ಕಾಯಿಲೆ ಬಂದಾಗ ನೆಂಟರಿಷ್ಟರೆಲ್ಲ, ‘ಮೊಬೈಲ್ ಕಿತ್ತಿಟ್ಟುಕೊಳ್ಳಿ, ಎಲ್ಲ ಸರಿಹೋಗುತ್ತದೆ’ ಎಂದರು. ಮೊಬೈಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೂ ಆಯಿತು. ಕಾಯಿಲೆ ಒಂದಿಷ್ಟೂ ಕದಲಲಿಲ್ಲ. ಹುಡುಗಿಗೆ ಇದ್ದ ಇಬ್ಬರು ಗೆಳತಿಯರ ಸಂಪರ್ಕವೂ ತಪ್ಪಿತು. ‘ಫ್ಯಾಷನ್ ಹುಚ್ಚಿನಿಂದ ಬರುವ ರೋಗ’ ಎಂಬುದು ಕೂಡ ಒಂದು ಜನಪ್ರಿಯ ಚಿತ್ರಣವೇ ಅಲ್ಲವೇ? ಅದು ರೋಗಿಯನ್ನು ಹುಚ್ಚಾಟದ ಹುಡುಗಿಯನ್ನಾಗಿಯೂ ತಂದೆತಾಯಿಯನ್ನು ಅಂಕೆಯಿಲ್ಲದೆ ಬೆಳೆಸಿದವರನ್ನಾಗಿಯೂ ತೋರಿಸುತ್ತದೆ.

ಇನ್ನೊಂದು ವಿಷಯ. ಕಾಯಿಲೆಯುಳ್ಳವರು ತಮ್ಮತಮ್ಮಲ್ಲೇ ಕಾಯಿಲೆಯನ್ನು ಹಾಸ್ಯ ಮಾಡಿಕೊಳ್ಳುವುದುಂಟು. ಅದು ಅವರಿಗೆ ಉಸಿರಾಡಲು ಸಿಗುವ ಜಾಗ. ಹೊರಗಿನವರು ಬಂದು ಆ ಮಾತನ್ನೂ ತಿದ್ದತೊಡಗಿದರೆ ಅವರು ಮಾತನ್ನೇ ಬಿಡುತ್ತಾರೆ.

ಉತ್ತರ: ಮನೋವೈದ್ಯೆ

ಹಳೆಯ ಓದುಗರೇ, ಅನುವಂಶಿಕತೆಯ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಕುಟುಂಬವನ್ನು ದೂರುವುದರಿಂದ ಆಗುವ ಅನ್ಯಾಯದ ಬಗ್ಗೆಯೂ ನಿಮ್ಮ ಮಾತು ಸರಿ. ಚಿಕ್ಕ ವಯಸ್ಸಿನ ಅನೊರೆಕ್ಸಿಯಾ ರೋಗಿಗಳಿಗೆ ಹೆಚ್ಚು ಫಲ ಕೊಡುವ ಚಿಕಿತ್ಸೆಗಳಲ್ಲಿ ಮುಖ್ಯವಾದದ್ದು ತಂದೆತಾಯಿಯನ್ನೇ ಚಿಕಿತ್ಸೆಯ ಮುಂಚೂಣಿಯಲ್ಲಿ ನಿಲ್ಲಿಸುವ ಕ್ರಮ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡದ್ದು ಅದು.

ಆದರೆ ಒಳಗಿನ ಒಲವಿಗೆ ಹೊರಗಿನ ಗಾಳಿ ಸೇರಿದಾಗ ಏನಾಗುತ್ತದೆಂಬುದಕ್ಕೂ ಸಾಕ್ಷಿಯಿದೆ. ಫಿಜಿ ದ್ವೀಪದ ನದ್ರೋಗಾ ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ತುಂಬಿದ ಮೈಯನ್ನೇ ಚೆಂದವೆಂದು ಕಾಣುತ್ತಿದ್ದ ಸಮಾಜ ಅದು. ಹಾರ್ವರ್ಡಿನ ಆನ್ ಬೆಕರ್ ಅಲ್ಲಿನ ಶಾಲಾ ಹುಡುಗಿಯರನ್ನು ಆ ವರ್ಷವೂ ಮತ್ತೆ 1998ರಲ್ಲಿಯೂ ವಿಚಾರಿಸಿದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆಂದವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷದ ಬಳಿಕ ಅಂಥವರು ಶೇ. 11.3ರಷ್ಟಿದ್ದರು. ಒಂದೊಂದು ಗುಂಪಿನಲ್ಲಿ ಅರವತ್ತು ಚಿಲ್ಲರೆ ಹುಡುಗಿಯರಷ್ಟೇ ಇದ್ದ ಸಣ್ಣ ಅಧ್ಯಯನವಾದ್ದರಿಂದ ಇದನ್ನೇ ಅಂತಿಮ ಮಾತೆಂದು ನಾನು ಹೇಳಲಾರೆ. ಆದರೂ ಪಕ್ಕಕ್ಕೆ ಸರಿಸಿಬಿಡುವಂಥದ್ದೂ ಅಲ್ಲ.

ರೋಗಿಗಳ ನಡುವಿನ ಹಾಸ್ಯವನ್ನು ನಾನೂ ತಿದ್ದಲು ಹೋಗುವುದಿಲ್ಲ. ಅದರಲ್ಲಿ ಎರಡು ಬಗೆಯಿದೆ ಎಂದು ಮಾತ್ರ ಗಮನಿಸಿದ್ದೇನೆ. ಕಾಯಿಲೆಯನ್ನು ನೋಡಿ ನಗುವ ಹಾಸ್ಯ ಒಂದು. ಕಾಯಿಲೆ ಹೆಚ್ಚಾದವಳೇ ಗೆದ್ದವಳು ಎಂಬ ಪೈಪೋಟಿಯನ್ನು ಹಾಸ್ಯದ ಹೊದಿಕೆಯಲ್ಲಿ ದಾಟಿಸುವುದು ಇನ್ನೊಂದು.

ಉತ್ತರ: ಗಡಿರೇಖೆ

ನಾನು ಕೆಲವು ವರ್ಷ ಒಂದು ಸಾಮಾಜಿಕ ಜಾಲತಾಣದಲ್ಲಿ ಪೋಸ್ಟ್‌ಗಳನ್ನು ಪರಿಶೀಲಿಸಿ ತೆಗೆದುಹಾಕುವ ಕೆಲಸ ಮಾಡಿದ್ದೇನೆ. ಮೇಲೆ ಹೇಳಿದ ಪೈಪೋಟಿಯನ್ನು ನಾನು ನೋಡಿದ್ದು ಅಲ್ಲಿಯೇ.

ಈ ಕಾಯಿಲೆಗಳನ್ನು ಜೀವನಶೈಲಿಯೆಂದು ಕೊಂಡಾಡುವ ತಾಣಗಳು ಹೊಸವಲ್ಲ. 2001ರ ಹೊತ್ತಿಗೇ ಅಮೆರಿಕದ ಪತ್ರಿಕೆಗಳೂ ಟಿವಿಯೂ ಅವುಗಳ ಬಗ್ಗೆ ದನಿಯೆತ್ತಿದ್ದರಿಂದ ಯಾಹೂ ತನ್ನಲ್ಲಿದ್ದ ಅಂಥ ಹಲವು ತಾಣಗಳನ್ನು ಮುಚ್ಚಿತು. ಅಲ್ಲಿ ಕಾಯಿಲೆಯ ಹೆಸರನ್ನು ಮೊಟಕು ಮಾಡಿ ಒಬ್ಬ ಗೆಳತಿಯ ಹೆಸರಿನಂತೆ ಬಳಸುತ್ತಿದ್ದರು. ಅವಳಿಗೆ ಪತ್ರ ಬರೆಯುವುದು, ಅವಳು ಸಿಟ್ಟಾದಳೆನ್ನುವುದು, ಅವಳ ಮಾತು ಮೀರಿದೆನೆಂದು ಕ್ಷಮೆ ಕೇಳುವುದು ಎಲ್ಲ ನಡೆಯುತ್ತಿತ್ತು. ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಯಾರೂ ಜೊತೆಗಿಲ್ಲದ ಹುಡುಗಿಗೆ ಕಾಯಿಲೆಯೇ ಜೊತೆಗಾತಿಯಾಗಿ ಕಾಣುವುದರ ಹಿಂದಿನ ಒಂಟಿತನವನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಆ ಹೆಸರುಗಳನ್ನಾಗಲಿ ಹ್ಯಾಶ್‌ಟ್ಯಾಗ್‌ಗಳನ್ನಾಗಲಿ ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಬರೆದರೆ ಅವು ಹುಡುಕುವವರ ಕೈಗೆ ಸಿಕ್ಕ ದಾರಿಯಾಗುತ್ತವೆ.

2012ರ ಮೊದಲ ತಿಂಗಳುಗಳಲ್ಲಿ ಟಂಬ್ಲರ್, ಪಿಂಟರೆಸ್ಟ್, ಇನ್‌ಸ್ಟಾಗ್ರಾಂ ಒಂದರ ಹಿಂದೊಂದರಂತೆ ಇಂಥ ಬರಹ, ಚಿತ್ರಗಳನ್ನು ನಿಷೇಧಿಸಿದವು. ಆಮೇಲೆ ಏನಾಯಿತೆಂಬುದನ್ನು ಜಾರ್ಜಿಯಾ ಟೆಕ್ ಸಂಸ್ಥೆಯ ಸ್ಟೀವಿ ಚಾನ್ಸಲರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದರು: ನಿಷೇಧಿತ ಪದಗಳ ಒಂದೆರಡು ಅಕ್ಷರ ಬದಲಿಸಿ, ಅಕ್ಷರ ಕೂಡಿಸಿ, ಜನ ಹೊಸ ಹೊಸ ರೂಪಗಳನ್ನು ಹುಟ್ಟಿಸಿಕೊಂಡರು. ಮೂಲ ಪದಗಳಿಗಿಂತ ಈ ವಕ್ರರೂಪಗಳ ಸುತ್ತ ಸೇರಿದವರ ಒಡನಾಟ ಹೆಚ್ಚು ಬಿಗಿಯಾಗಿತ್ತು, ಬರಹ ಹೆಚ್ಚು ಅಪಾಯಕಾರಿಯಾಗಿತ್ತು. ನನ್ನ ಕೆಲಸದಲ್ಲಿ ಕಂಡದ್ದೂ ಇದೇ. ಬೆಳಿಗ್ಗೆ ಒಂದು ಪದವನ್ನು ತಡೆದರೆ ಸಂಜೆಗೆ ಅದರ ತಮ್ಮಂದಿರು ಹುಟ್ಟಿರುತ್ತಿದ್ದರು. 2025ರ ಜೂನ್ ತಿಂಗಳಲ್ಲಿ ಟಿಕ್‌ಟಾಕ್ ಕೂಡ ತೆಳ್ಳಗಿನ ಮೈಯನ್ನು ಕೊಂಡಾಡುವ ಒಂದು ಜನಪ್ರಿಯ ಹ್ಯಾಶ್‌ಟ್ಯಾಗನ್ನು ಜಗತ್ತಿನಾದ್ಯಂತ ತಡೆಹಿಡಿಯಿತು. ತಡೆದದ್ದು ಒಳ್ಳೆಯದೇ, ಹೊಸಬರು ಸುಲಭವಾಗಿ ಎಡವಿ ಬೀಳುವುದಾದರೂ ತಪ್ಪುತ್ತದೆ. ಒಳಗೆ ಸಿಕ್ಕಿಕೊಂಡವರಿಗೆ ಅದರಿಂದ ಏನೂ ಸಿಗುವುದಿಲ್ಲ.

ಆದರೆ ಸಂಜೆಗಾಳಿ ಅವರು ಕೇಳಿದ ಮಾತುಗಳು ಯಾವ ನಿಷೇಧದ ಪಟ್ಟಿಯಲ್ಲೂ ಬರುವುದಿಲ್ಲ ಎಂಬುದೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ‘ಕ್ಲೀನ್ ಈಟಿಂಗ್’, ‘ಚೀಟ್ ಡೇ’, ‘ಗಿಲ್ಟ್ ಫ್ರೀ’ ಎಂಬ ಮಾತುಗಳನ್ನು ಯಾವ ಯಂತ್ರವೂ ತಡೆಯುವುದಿಲ್ಲ, ತಡೆಯುವುದು ಸರಿಯೂ ಅಲ್ಲ. ಆದರೂ ಊಟವನ್ನು ಪಾಪಪುಣ್ಯದ ಲೆಕ್ಕಕ್ಕೆ ಹಚ್ಚುವ ಆ ಮಾತುಗಳನ್ನು ‘ಆರೋಗ್ಯಕರ ಜೀವನ’ದ ಹೆಸರಿನಲ್ಲಿ ನೋಡತೊಡಗಿದ ಹುಡುಗಿಗೆ ಅಲ್ಗಾರಿದಮ್ ಮುಂದಿನ ಹೆಜ್ಜೆಯ ವಿಡಿಯೊವನ್ನು ತಾನಾಗಿಯೇ ಎದುರಿಗೆ ತಂದಿಡುತ್ತದೆ. ದಿನದ ಊಟವನ್ನು ತೋರಿಸುವ ವಿಡಿಯೊ ಕನ್ನಡಿಯ ಮುಂದೆ ಹೊಟ್ಟೆ ತೋರಿಸುವುದರಿಂದ ಆರಂಭವಾದರೆ, ಅದು ಏನು ಹೇಳುತ್ತಿದೆ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ: ಹೀಗೆ ತಿಂದರೆ ಹೀಗಾಗುತ್ತೀರಿ.

ಯಂತ್ರಗಳನ್ನೇ ನಂಬಿ ಕೂರುವಂತಿಲ್ಲ ಎಂಬುದಕ್ಕೆ ಇನ್ನೊಂದು ನಿದರ್ಶನವಿದೆ. 2023ರಲ್ಲಿ ಅಮೆರಿಕದ ನ್ಯಾಷನಲ್ ಈಟಿಂಗ್ ಡಿಸಾರ್ಡರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆ, ಸಹಾಯ ಕೇಳಿ ಬಂದವರಿಗೆಂದು ಇಟ್ಟಿದ್ದ ಚಾಟ್‌ಬಾಟ್ ತೂಕ ಇಳಿಸುವ ಸಲಹೆ ಕೊಡುತ್ತಿದೆಯೆಂದು ತಿಳಿದು ಅದನ್ನು ನಿಲ್ಲಿಸಬೇಕಾಯಿತು.

ಉತ್ತರ: ಬಿಸಿಲುಕೋಲು

ಈ ಚರ್ಚೆಯಲ್ಲಿ ಇಲ್ಲಿಯವರೆಗೆ ಎಲ್ಲರೂ ಹುಡುಗಿ, ಗೆಳತಿ, ತಂಗಿ ಎಂದೇ ಬರೆದಿದ್ದಾರೆ. ಮಿನೆಸೋಟದ ಪ್ರಯೋಗದಲ್ಲಿದ್ದವರನ್ನು ಬಿಟ್ಟರೆ ಗಂಡಸರ ಸುದ್ದಿಯೇ ಇಲ್ಲ. ಆನ್‌ಲೈನ್ ಚಿತ್ರಣದ ಕೊರತೆಯೂ ಇದೇ ಆಗಿರುವುದರಿಂದ ಬರೆಯುತ್ತಿದ್ದೇನೆ.

2007ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರ ಪ್ರಕಾರ ಜೀವನದ ಯಾವುದಾದರೊಂದು ಕಾಲದಲ್ಲಿ ಅನೊರೆಕ್ಸಿಯಾ ಇದ್ದವರು ಹೆಂಗಸರಲ್ಲಿ ಶೇ. 0.9, ಗಂಡಸರಲ್ಲಿ ಶೇ. 0.3. ಬಿಂಜ್ ಈಟಿಂಗ್ ಡಿಸಾರ್ಡರ್ ಹೆಂಗಸರಲ್ಲಿ ಶೇ. 3.5, ಗಂಡಸರಲ್ಲಿ ಶೇ. 2. ಅಂದರೆ ಗಂಡಸರ ಪಾಲು ಅಲಕ್ಷಿಸುವಷ್ಟು ಸಣ್ಣದಲ್ಲ. ಹುಡುಗರು ಕೇಳಿಕೊಂಡು ಬೆಳೆಯುವ ಮಾತು ‘ಕಡ್ಡಿ ಪೈಲ್ವಾನ್’. ಜಿಮ್ ವಿಡಿಯೊಗಳ ಲೋಕದಲ್ಲಿ ಅದಕ್ಕೆ ಪರಿಹಾರವಾಗಿ ಸಿಗುವುದು ‘ಬಲ್ಕ್’ ಮತ್ತು ‘ಕಟ್’: ಕೆಲವು ತಿಂಗಳು ಬಲವಂತವಾಗಿ ತಿನ್ನುವುದು, ಕೆಲವು ತಿಂಗಳು ಬಲವಂತವಾಗಿ ಬಿಡುವುದು. ಎಲ್ಲರಿಗೂ ಅದು ಕಾಯಿಲೆಯಲ್ಲ. ಆದರೆ ನನಗೆ ಅದು ಕಾಯಿಲೆಯಾಯಿತು. ಊಟದ ಡಬ್ಬಿ ಜೊತೆಗಿಲ್ಲದೆ ಯಾರ ಮನೆಗೂ ಹೋಗುತ್ತಿರಲಿಲ್ಲ, ಜ್ವರ ಬಂದ ದಿನವೂ ಭಾರ ಎತ್ತುತ್ತಿದ್ದೆ, ಎಷ್ಟು ಮೈಕಟ್ಟು ಬಂದರೂ ಕನ್ನಡಿಯಲ್ಲಿ ಕಾಣುತ್ತಿದ್ದವನು ಹಳೆಯ ಕಡ್ಡಿ ಹುಡುಗನೇ. ಹ್ಯಾರಿಸನ್ ಪೋಪ್ ಎಂಬ ಮನೋವೈದ್ಯರೂ ಅವರ ಜೊತೆಗಾರರೂ 1993ರಲ್ಲಿ ಇದನ್ನು ತಿರುಗುಮುರುಗಾದ ಅನೊರೆಕ್ಸಿಯಾ ಎಂದು ವಿವರಿಸಿದರು, ಮುಂದೆ 1997ರಲ್ಲಿ ಮಸಲ್ ಡಿಸ್‌ಮಾರ್ಫಿಯಾ ಎಂಬ ಹೆಸರು ಕೊಟ್ಟರು. ಆನ್‌ಲೈನ್‌ನಲ್ಲಿ ಇದಕ್ಕೆ ಇರುವ ಹೆಸರು ‘ಡೆಡಿಕೇಶನ್’.

ನನ್ನ ಸ್ನೇಹಿತರು ನನ್ನನ್ನು ‘ಮಷಿನ್’ ಎಂದು ಕರೆಯುತ್ತಿದ್ದರು. ಅವರೂ ಪ್ರೀತಿಯಿಂದಲೇ ಕರೆದದ್ದು.

ಮರುಪ್ರಶ್ನೆ: ಸಂಜೆಗಾಳಿ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಋಣಿಯಾಗಿದ್ದೇನೆ. ನೀಲಿಶಾಯಿ ಅವರು ಮತ್ತು ಬಿಸಿಲುಕೋಲು ಅವರು ಬರೆದದ್ದನ್ನು ತಂಗಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, ‘ಅಕ್ಕ, ನಾವು ಹಾಗೆ ಅನ್ನೋದು ಅವಳಿಗೆ ಖುಷಿ ಆಗಲಿ ಅಂತ. ಬೇರೆ ಏನು ಹೇಳಬೇಕು ಅಂತಾನೇ ನಮಗೆ ಗೊತ್ತಿಲ್ಲ’ ಎಂದಳು. ಸ್ವಲ್ಪ ಹೊತ್ತಿನ ಬಳಿಕ ತಾನಾಗಿಯೇ, ಗುಂಪಿನಲ್ಲಿ ಒಬ್ಬಳು ಕೆಲವು ತಿಂಗಳಿಂದ ಎಲ್ಲರೊಂದಿಗೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದಾಳೆ, ಯಾವಾಗಲೂ ಆಗಲೇ ಊಟವಾಯಿತು ಎನ್ನುತ್ತಾಳೆ ಎಂದೂ ಹೇಳಿದಳು. ಆ ಹುಡುಗಿ ನೋಡಲು ತೆಳ್ಳಗೇನಿಲ್ಲ. ಇದರಲ್ಲಿ ಆತಂಕಪಡುವಂಥದ್ದು ಇದೆಯೇ? ತಂಗಿ ಅವಳನ್ನು ಹೇಗೆ ಮಾತಾಡಿಸಬೇಕು?

ಉತ್ತರ: ಮನೋವೈದ್ಯೆ

ನಿಮ್ಮ ತಂಗಿ ಇದನ್ನು ಗಮನಿಸಿದ್ದಾಳೆ ಎಂಬುದೇ ದೊಡ್ಡ ಸಂಗತಿ. ಅವಳಿಗೆ ನನ್ನ ಮೆಚ್ಚುಗೆ ತಿಳಿಸಿ.

ಎಲ್ಲರೊಂದಿಗೆ ಊಟ ತಪ್ಪಿಸುವುದು ಒಂದರಿಂದಲೇ ಕಾಯಿಲೆಯೆಂದು ಹೇಳಲಾಗದು, ಅದಕ್ಕೆ ಬೇರೆ ನೂರು ಕಾರಣಗಳಿರಬಹುದು. ಆದರೆ ಅದು ತಿಂಗಳುಗಟ್ಟಲೆ ಮುಂದುವರಿದಿದ್ದರೆ, ಅದರ ಜೊತೆಗೆ ಸದಾ ಚಳಿ ಎನ್ನುವುದು, ತಲೆಸುತ್ತು, ಊಟವಾದ ಕೂಡಲೇ ಎದ್ದುಹೋಗುವುದು, ಮೊದಲು ಇಷ್ಟವಿದ್ದ ಕೂಟಗಳಿಂದ ದೂರವಿರುವುದು, ವ್ಯಾಯಾಮ ತಪ್ಪಿದರೆ ಕಂಗಾಲಾಗುವುದು ಕಂಡರೆ ಸುಮ್ಮನಿರಬಾರದು. ಅವಳು ತೆಳ್ಳಗಿಲ್ಲ ಎಂಬುದು ಸಮಾಧಾನಪಡಲು ಕಾರಣವಾಗಬಾರದು.

ಮಾತಾಡಿಸುವಾಗ ಊಟದ ಹೊತ್ತನ್ನು ಬಿಟ್ಟು ಬೇರೆ ಹೊತ್ತನ್ನು ಆರಿಸಿಕೊಳ್ಳಲಿ. ಒಬ್ಬಳೇ ಹೋಗಲಿ, ಗುಂಪಾಗಿ ಸುತ್ತುವರಿಯುವುದು ಬೇಡ. ಕಾಯಿಲೆಯ ಹೆಸರೆತ್ತುವುದು ಬೇಡ, ‘ಸಣ್ಣಗಾಗಿದ್ದೀಯ’, ‘ಚೆನ್ನಾಗೇ ಇದ್ದೀಯಲ್ಲ’ ಎಂಬ ಎರಡೂ ಬೇಡ. ಮೈಯ ಮಾತೇ ಬೇಡ. ‘ನೀನು ನಮ್ಮ ಜೊತೆ ಕೂರೋದು ಬಿಟ್ಟಿದ್ದೀಯ, ನಿನ್ನನ್ನ ಮಿಸ್ ಮಾಡ್ಕೋತಿದ್ದೀನಿ, ಏನಾದ್ರೂ ಕಷ್ಟ ಇದ್ಯಾ?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಲಿ. ‘ಏನೂ ಇಲ್ಲ’ ಎಂಬ ಉತ್ತರವೇ ಬರಬಹುದು, ಸಿಡುಕೂ ಬರಬಹುದು. ಅದಕ್ಕೆ ವಾದಿಸದೆ, ‘ಸರಿ, ಯಾವಾಗ ಬೇಕಾದ್ರೂ ಹೇಳು’ ಎಂದು ಎದ್ದುಬಂದು, ಒಂದು ವಾರದ ಬಳಿಕ ಮತ್ತೆ ಕೇಳಲಿ. ಅವಳನ್ನು ತಿನ್ನಿಸುವ ಹೊಣೆಯನ್ನಾಗಲಿ, ಗುಟ್ಟು ಕಾಯುವ ಹೊಣೆಯನ್ನಾಗಲಿ ಹದಿನೇಳರ ಹುಡುಗಿಯ ಹೆಗಲಿಗೆ ಹಾಕಬೇಡಿ. ಆ ಹುಡುಗಿ ಮೂರ್ಛೆ ಹೋದರೆ, ಎದೆ ಬಡಿತ ಏರುಪೇರಾಗುತ್ತಿದೆ ಎಂದರೆ, ಬದುಕುವುದೇ ಬೇಡ ಎಂಬಂಥ ಮಾತಾಡಿದರೆ, ಅಂದೇ ಅವಳ ಮನೆಯವರಿಗೆ ತಿಳಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಹಾಗಾಗದಿದ್ದರೂ ಅವಳ ಮನೆಯವರೊಂದಿಗೋ ನಂಬಿಕೆಯ ಶಿಕ್ಷಕರೊಂದಿಗೋ ನೀವೇ ಮಾತಾಡುವುದು ಒಳ್ಳೆಯದು. ಮೊದಲ ತಪಾಸಣೆಯನ್ನು ಸಾಮಾನ್ಯ ವೈದ್ಯರೇ ಮಾಡಬಹುದು. ನಾಡಿ, ರಕ್ತದೊತ್ತಡ, ರಕ್ತದಲ್ಲಿನ ಪೊಟ್ಯಾಸಿಯಂ ಪ್ರಮಾಣ, ಇಸಿಜಿ ಇಷ್ಟನ್ನಾದರೂ ನೋಡಿಸಲು ಹೇಳಿ.

ಫೋಟೊ ಕೆಳಗೆ ಬೇರೆ ಏನು ಬರೆಯಬೇಕೆಂದು ತಂಗಿ ಕೇಳಿದಳಲ್ಲ. ಆ ಫೋಟೊ ತೆಗೆದ ದಿನ ಅವರು ಎಲ್ಲಿಗೆ ಹೋಗಿದ್ದರು, ಯಾವ ಮಾತಿಗೆ ಅಷ್ಟು ನಕ್ಕರು ಎಂಬುದು ಅವಳಿಗೆ ಗೊತ್ತೇ ಇರುತ್ತದೆ. ಅದನ್ನೇ ಬರೆಯಲಿ.